ಹಿಡಿಸಲಿಲ್ಲ ಎಂದ ರವಿವಾರ

ರಬ್ಬರಿನ ಹಾವಿನ ಪಿಚ್ಚರ್ ನಮ್ಮೂರಲ್ಲಿ ಇವತ್ತಿಗೂ ಉಳಿದಿದ್ದರೆ ಅದು ನನ್ನಿಂದ. ಅದು ಒಳ್ಳೆಯ ಚಿತ್ರವೇನಲ್ಲ, ಅದನ್ನು ನಾನೇ ಮೊದಲು ಒಪ್ಪುತ್ತೇನೆ. ಹಾವು ಹೆಡೆ ಎತ್ತುವಾಗ ಅದನ್ನು ಎಳೆಯುವ ದಾರ ಕಾಣುತ್ತದೆ. ನಾಯಕ ಅತ್ತರೆ ನೆಗಡಿಯಾದಂತೆ ತೋರುತ್ತದೆ. ಆದರೆ ಎರಡನೆಯ ಹಾಡಿನಲ್ಲಿ, ಹಿಂದಿನ ಸಾಲಿನಲ್ಲಿ ಕುಣಿಯುವ ಹುಡುಗಿಯೊಬ್ಬಳ ಗೆಜ್ಜೆ ಬಿಚ್ಚಿ ಬೀಳುತ್ತದೆ. ಪಕ್ಕದವಳು ತನ್ನ ಹೆಜ್ಜೆ ತಪ್ಪಿದರೂ ಚಿಂತೆಯಿಲ್ಲವೆಂದು ಆ ಗೆಜ್ಜೆಯನ್ನು ಕಾಲಿನಿಂದ ಮೆಲ್ಲಗೆ ಅಂಚಿಗೆ ಸರಿಸುತ್ತಾಳೆ, ಗೆಳತಿ ಎಡವದಿರಲಿ ಎಂದು. ಎರಡು ಕ್ಷಣದ ಮಾತು. ನಿರ್ದೇಶಕ ಅದನ್ನು ಗಮನಿಸಿರಲಾರ, ಗಮನಿಸಿದ್ದರೆ ಕತ್ತರಿಸುತ್ತಿದ್ದ. ನನಗೆ ಆ ಎರಡು ಕ್ಷಣಕ್ಕಾಗಿ ಇಡೀ ಚಿತ್ರ ಹಿಡಿಸಿತು. ಟಾಕೀಜಿನ ಮೂರನೆಯ ಮೆಟ್ಟಿಲ ಮೇಲೆ ನಿಂತು, ಹಿತ್ತಾಳೆಯ ಸರಳು ಹಿಡಿದು ಹಾಗೆಂದು ಹೇಳಿದೆ. ಜನ ನಕ್ಕರು. ಚಿತ್ರ ಉಳಿಯಿತು.

ನಮ್ಮೂರಿಗೆ ಬಂದದ್ದು ಸಿನಿಮಾ ಆಗಲಿ, ವಿಡಿಯೋ ಗೇಮ್ ಆಗಲಿ, ಅದಕ್ಕೆ ನಲವತ್ತು ದಿನದ ಅವಕಾಶ. ನಲವತ್ತನೆಯ ದಿನ ಸಂಜೆ ಐದರ ಗಂಟೆ ಬಾರಿಸುವುದರೊಳಗೆ ಊರಿನ ಒಬ್ಬರಾದರೂ ಆ ಮೆಟ್ಟಿಲ ಮೇಲೆ ನಿಂತು, ಅದು ತಮಗೆ ಹಿಡಿಸಿತು ಎನ್ನಬೇಕು. ಯಾರೂ ಅನ್ನದಿದ್ದರೆ ಮರುದಿನ ಬೆಳಿಗ್ಗೆ ಅದು ಬಿಳಿಯಾಗಿರುತ್ತದೆ. ರೀಲು ಬಿಳಿ, ಗೋಡೆಯ ಪೋಸ್ಟರ್ ಬಿಳಿ, ಆಟದ ಪರದೆ ಹಾಲಿನ ಹಾಗೆ ಬಿಳಿ. ಮಾಡಿದವರು ನಮ್ಮೂರಿನವರೇ ಆಗಿದ್ದರೆ ಅವರ ಕೈಗೂ ಅದು ಮರೆತುಹೋಗುತ್ತದೆ, ಮತ್ತೆ ಮಾಡಲು ಬರುವುದಿಲ್ಲ. ಮಾಡಿದವರ ಸ್ವಂತ ಮೆಚ್ಚುಗೆ ಲೆಕ್ಕಕ್ಕಿಲ್ಲ. ಸುಳ್ಳೂ ನಡೆಯುವುದಿಲ್ಲ. ಒಮ್ಮೆ ಒಬ್ಬ ನಿರ್ಮಾಪಕ ಹತ್ತು ಮಂದಿಗೆ ಹೋಳಿಗೆ ಊಟ ಹಾಕಿಸಿ ಹಿಡಿಸಿತು ಎಂದು ಹೇಳಿಸಿದ. ಹತ್ತೂ ಮಂದಿ ಸರದಿಯಲ್ಲಿ ನಿಂತು ಹೇಳಿದರು. ಬೆಳಗಾದರೆ ರೀಲು ಮಲ್ಲಿಗೆಯಷ್ಟು ಬಿಳಿ. ನಾವು ಇದಕ್ಕೆಲ್ಲ ಹೊಂದಿಕೊಂಡಿದ್ದೇವೆ. ಟೇಲರ್ ಗಂಗಾಧರ ಬಿಳಿ ಪೋಸ್ಟರಿನಲ್ಲಿ ಜಂಪರಿನ ಅಳತೆ ಕತ್ತರಿಸಿ ಇಟ್ಟುಕೊಳ್ಳುತ್ತಾನೆ. ಹೂ ಮಾರುವ ತಿಪ್ಪವ್ವ ಬಿಳಿ ರೀಲನ್ನು ಸೀಳಿ ಹಾರದ ಹಿಂಬದಿಗೆ ಕಟ್ಟುತ್ತಾಳೆ. ನಮ್ಮೂರಿನ ಎಷ್ಟೋ ಮದುಮಕ್ಕಳ ಕೊರಳಲ್ಲಿ ಯಾರಿಗೂ ಹಿಡಿಸದ ಚಿತ್ರಗಳು ತೂಗಿವೆ.

ಮದುವೆಯಾಗಿ ಈ ಊರಿಗೆ ಬಂದಾಗ ನಾನು ಬಿ.ಎ. ಮುಗಿಸಿದವಳು, ಬಾಯಿ ಚುರುಕು. ಬಂದ ವರ್ಷವೇ ಒಂದು ಚಿತ್ರದ ಬಗ್ಗೆ ಮೆಟ್ಟಿಲ ಮೇಲೆ ಕಾಲು ಗಂಟೆ ಮಾತಾಡಿದೆ. ಕಥೆ ಸಂತೆಯಲ್ಲಿ ಕಳೆದುಹೋದ ಕೂಸಿನಂತಿದೆ ಎಂದೆ, ನಾಯಕಿಗಿಂತ ಅವಳ ಹಿಂದಿನ ಕಿಟಕಿ ಚೆನ್ನಾಗಿ ಅಭಿನಯಿಸಿದೆ ಎಂದೆ. ಚಪ್ಪಾಳೆಯೋ ಚಪ್ಪಾಳೆ. ನನ್ನ ನಂತರ ಯಾರೂ ಮೆಟ್ಟಿಲು ಹತ್ತಲಿಲ್ಲ. ಮರುದಿನ ಟಾಕೀಜಿನ ಗೇಟು ಕಾಯುವ ಇಮಾಮಸಾಬರು ಬಿಳಿಯಾದ ಪೋಸ್ಟರನ್ನು ನಾಲ್ಕು ಮಡಿಕೆ ಮಾಡಿ ನಮ್ಮ ಮನೆಗೆ ತಂದುಕೊಟ್ಟರು. "ತಗೋರಿ ಬಾಯಾರ, ಕಪಾಟಿನ್ಯಾಗ ಹಾಸಾಕ ಬರ್ತೈತಿ" ಎಂದರು. ಹೊರಟವರು ಹೊಸ್ತಿಲಲ್ಲಿ ನಿಂತರು. "ನನಗ ಅದು ಭಾಳ ಹಿಡಿಸಿತ್ತರಿ. ದಿನಾ ನಿಂತು ನೋಡೀನಿ. ಆದ್ರ ನಿಮ್ಮಂಥಾ ಕಲತವರು ಹಂಗಂದ ಮ್ಯಾಲ ನಾ ಹ್ಯಾಂಗ ಮೆಟ್ಟಲಾ ಹತ್ತಲಿ?" ಆ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಆ ಪೋಸ್ಟರ್ ಇವತ್ತಿಗೂ ನನ್ನ ಕಪಾಟಿನಲ್ಲಿ ಸೀರೆಗಳ ಕೆಳಗೆ ಹಾಸಿದೆ.

ಅಂದಿನಿಂದ ನಾನು ಎಂಥ ಚಿತ್ರವನ್ನೂ ಕೊನೆಯವರೆಗೆ ನೋಡುತ್ತೇನೆ, ಎಂಥ ಆಟವನ್ನೂ ಕೂತು ಆಡುತ್ತೇನೆ. ಹುಡುಕಿದರೆ ಏನಾದರೂ ಸಿಗುತ್ತದೆ. ಕಾರು ಓಡಿಸುವ ಆಟವೊಂದರಲ್ಲಿ ರಸ್ತೆಗೆ ಅಡ್ಡ ಎಮ್ಮೆ ಬರುತ್ತದೆ. ಎಲ್ಲರೂ ಪಕ್ಕಕ್ಕೆ ತಿರುಗಿಸಿ ಹಾರಿಸಿಕೊಂಡು ಹೋಗುತ್ತಾರೆ. ನಾನು ಕಾರು ನಿಲ್ಲಿಸಿದೆ. ಎಮ್ಮೆ ದಾಟಿತು, ಹಿಂದೆಯೇ ಅದರ ಕರು ಬಂತು. ಕರು ಇರುವುದು ನಿಲ್ಲಿಸಿದವರಿಗೆ ಮಾತ್ರ ಗೊತ್ತು. ಕುಸ್ತಿಯ ಆಟದಲ್ಲಿ ಗೆದ್ದವನು ಸೋತವನ ಕೈ ಹಿಡಿದು ಎಬ್ಬಿಸುತ್ತಾನೆ, ಆದರೆ ಅಷ್ಟು ಹೊತ್ತು ಕಾಯುವ ತಾಳ್ಮೆ ಯಾರಿಗಿದೆ? ಪತ್ತೇದಾರಿ ಚಿತ್ರವೊಂದರಲ್ಲಿ ಪೊಲೀಸಪ್ಪ ತನ್ನ ಕಪ್ಪಿನ ಚಹಾದಲ್ಲಿ ಅರ್ಧವನ್ನು ಬಸಿತಟ್ಟೆಗೆ ಸುರಿದು, ಬೇಡಿ ಹಾಕಿದ ಕಳ್ಳನ ಮುಂದೆ ಹಿಡಿಯುತ್ತಾನೆ. ಉಳಿದ ಎರಡೂವರೆ ಗಂಟೆ ಬರಿ ಗದ್ದಲ. ಇನ್ನು ಆಕಾಶದಿಂದ ಇಳಿಯುವ ಹಡಗುಗಳಿಗೆ ಗುಂಡು ಹೊಡೆಯುವ ಆಟ. ಅದರಲ್ಲಿ ಕರುಣೆ ಗಿರುಣೆ ಏನೂ ಇಲ್ಲ. ಗುಂಡಿ ಒತ್ತಿದರೆ ಢಂ ಎನ್ನುತ್ತದೆ, ಅಷ್ಟೇ. ಎಪ್ಪತ್ತನಾಲ್ಕರ ಹೆಂಗಸಿಗೂ ಒಮ್ಮೊಮ್ಮೆ ಢಂ ಬೇಕಾಗುತ್ತದೆ. ಅದನ್ನೂ ಮೆಟ್ಟಿಲ ಮೇಲೆ ಹೀಗೆಯೇ ಹೇಳಿದ್ದೇನೆ. ಹಾಗೆಂದು ನಾನು ಎಲ್ಲಕ್ಕೂ ತಲೆಯಾಡಿಸುವವಳಲ್ಲ. ಮೂರು ಗಂಟೆ ಯಾರೂ ಬಾಯಿ ಬಿಡದ, ಒಬ್ಬ ಮನುಷ್ಯ ಗೋಡೆ ನೋಡುತ್ತ ಕೂತಿರುವ ಚಿತ್ರವನ್ನು ಊರ ಹಿರಿಯರೆಲ್ಲ ಹೊಗಳಿದರು. ಕೊನೆಯವರೆಗೂ ಕೂತು ನೋಡಿ, ಗೋಡೆ ನಮ್ಮ ಮನೆಯಲ್ಲೂ ಇದೆ ಎಂದು ನಾನು ಎದ್ದುಬಂದೆ.

ಹೀಗೆ ನನ್ನೊಬ್ಬಳ ಮಾತಿನಿಂದ ಉಳಿದವು ಅರವತ್ತೊಂದು. ಅವುಗಳ ಡಬ್ಬಗಳು, ಪೆಟ್ಟಿಗೆಗಳು ಟಾಕೀಜಿನ ಹಿಂದಿನ ಕೋಣೆಯಲ್ಲಿ ಸೂರಿನವರೆಗೆ ತುಂಬಿವೆ. ಊರಿನ ಸದಭಿರುಚಿ ಮಂಡಳಕ್ಕೆ ಇದು ಕಣ್ಣಲ್ಲಿ ಬಿದ್ದ ಕಸ. ಮಂಡಳದ ಅಧ್ಯಕ್ಷರು ಭುಜಂಗರಾಯರು, ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಐದರ ಗಂಟೆ ಬಾರಿಸುವವರೂ ಅವರೇ. ಹೋದ ತಿಂಗಳು ಒಂದು ಬೆಳಿಗ್ಗೆ ಬಾಳೆಹಣ್ಣಿನ ಚಿಪ್ಪು ಹಿಡಿದು ನಮ್ಮ ಮನೆಗೆ ಬಂದರು.

"ವನಮಾಲಾಬಾಯಿ, ಬರೋ ರವಿವಾರ ಡಬ್ಬಿ ಆಟದ ನಲವತ್ತನೇ ದಿನ. ಅವತ್ತು ನೀವು ಮನ್ಯಾಗ ಇದ್ದುಬಿಡ್ರಿ. ನಿಮಗ ಮೊಳಕಾಲು ನೋವು ಬ್ಯಾರೆ ಅದ."

"ನನ್ನ ಮೊಳಕಾಲಿನ ಚಿಂತಿ ಮಂಡಳಕ್ಕ ಯಾವಾಗಿಂದ ಹತ್ತಿತು ರಾಯರ?"

"ಚ್ಯಾಷ್ಟಿ ಬ್ಯಾಡ. ಮನಿಗೊಂದರಂತೆ ಕೇಳ್ಕೊಂಡು ಬಂದೇನಿ. ಒಬ್ಬರಿಗೂ ಆ ಆಟ ಹಿಡಿಸಿಲ್ಲ. ನೀವೊಬ್ಬರು ಹತ್ತಿ ಹಿಡಿಸ್ತು ಅಂದ್ರ ಅರವತ್ತೆರಡನೇ ಕಸ ಆಗ್ತದ. ಊರಿನ ಅಭಿರುಚಿ ಅನ್ನೋದು ಒಂದು ಅದನೋ ಇಲ್ಲೋ?"

"ಊರಿಗೆ ನಾಲಿಗಿ ಇಲ್ಲ ರಾಯರ. ನಾಲಿಗಿ ಇರೋದು ಒಬ್ಬೊಬ್ಬರಿಗೆ. ನನ್ನ ನಾಲಿಗಿ ಇನ್ನೂ ನೆಟ್ಟಗದ."

ಅವರು ಎದ್ದರು. ಹೋಗುವಾಗ ಬಾಗಿಲ ದಾರಿಯಲ್ಲಿ ಬಿದ್ದಿದ್ದ ನನ್ನ ಚಪ್ಪಲಿಯನ್ನು ಬಗ್ಗಿ ಪಕ್ಕಕ್ಕೆ ಸರಿಸಿ ಇಟ್ಟರು, ನಾನು ಎಡವದಿರಲಿ ಎಂದು. ಒಳ್ಳೆಯ ಮನುಷ್ಯ. ಅವರೊಡನೆ ಜಗಳ ಕಷ್ಟವಾಗುವುದು ಅದಕ್ಕೇ. ಆದರೆ ಅವರು ಗೇಟು ದಾಟುವ ಮೊದಲೇ ನಾನು ತೀರ್ಮಾನಿಸಿದ್ದೆ: ರವಿವಾರ ಮೆಟ್ಟಿಲು ಹತ್ತಿಯೇ ಹತ್ತುತ್ತೇನೆ.

ಡಬ್ಬಿ ಆಟವನ್ನು ಮಾಡಿದವಳು ಕಸ್ತೂರಿ. ಟಾಕೀಜಿನ ಪಕ್ಕದಲ್ಲಿ ಅವಳದೊಂದು ಗೇಮಿನ ಅಂಗಡಿ ಇದೆ. ನಲವತ್ತರ ಆಸುಪಾಸಿನ ಹೆಂಗಸು, ಮೊದಲು ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದಳು. ಆರು ವರ್ಷ ಕೂತು, ತಾನೇ ಚಿತ್ರ ಬರೆದು, ತಾನೇ ತಂತಿ ಬೆಸೆದು ಆ ಆಟ ಮಾಡಿದ್ದಾಳೆ. ಆಟವೆಂದರೆ ಇಷ್ಟೇ. ಕೈಯಲ್ಲಿ ಊಟದ ಡಬ್ಬಿ. ಓಣಿಯಲ್ಲಿ ಅರವತ್ತು ಬಾಗಿಲು. ಅನ್ನ ಆರುವ ಮೊದಲು ಬಾಗಿಲಿಗೆ ಹೋಗಿ ಡಬ್ಬಿ ಕೊಡಬೇಕು, ಮರಳಿ ಬಂದು ಮತ್ತೊಂದು ಒಯ್ಯಬೇಕು. ಆರಿದರೆ ಮೊದಲಿನಿಂದ. ಶತ್ರುವಿಲ್ಲ, ಗೆದ್ದವರಿಗೆ ಪಟಾಕಿಯಿಲ್ಲ. ಅದು ಬಿಳಿಯಾದರೆ ಕಸ್ತೂರಿಯ ಆರು ವರ್ಷವೂ ಅದರ ಜೊತೆಗೇ ಹೋಗುತ್ತದೆ.

ನಾನು ಒಂಬತ್ತು ದಿನ ಆಡಿದೆ. ಹುಡುಕಿದೆ, ತಡಕಿದೆ, ಕನ್ನಡಕ ಒರೆಸಿಕೊಂಡು ನೋಡಿದೆ. ಹನ್ನೆರಡನೆಯ ಬಾಗಿಲು ದಾಟಲು ಆಗಲಿಲ್ಲ, ಮನಸ್ಸೂ ಬರಲಿಲ್ಲ. ಬಾಗಿಲು ತೆರೆಯುತ್ತದೆ, ಒಂದು ಕೈ ಡಬ್ಬಿ ಇಸಿದುಕೊಳ್ಳುತ್ತದೆ, ಬಾಗಿಲು ಹಾಕಿಕೊಳ್ಳುತ್ತದೆ. ಒಂದು ಮುಖವಿಲ್ಲ, ಒಂದು ಮಾತಿಲ್ಲ. ನನ್ನ ಇಡೀ ಜನ್ಮದಲ್ಲಿ ಹುಡುಕಿದರೂ ಏನೂ ಸಿಗದ ಆಟ ಇದೊಂದೇ. ಅದೂ ನಾನು ಉಳಿಸಲೇಬೇಕೆಂದು ಹಟ ತೊಟ್ಟಿದ್ದಾಗ. ಶುಕ್ರವಾರ ಕಸ್ತೂರಿಯನ್ನು ಕೂರಿಸಿಕೊಂಡು ಇದ್ದದ್ದನ್ನು ಹೇಳಿದೆ.

"ಏನ್ರಿ ಅಮ್ಮಾರ!" ಎಂದಳು. "ಹಾವು ಹಿಡಿಸ್ತು ನಿಮಗ. ದಾರ ಕಾಣೋ ಹಾವು! ನನ್ನ ಡಬ್ಬಿ ಹಿಡಿಸಲಿಲ್ಲೇನ್ರಿ?"

"ಐವತ್ತು ವರ್ಷ ಡಬ್ಬಿ ತುಂಬೇನಿ ಕಸ್ತೂರಿ. ಮತ್ತ ಇಲ್ಲಿ ಬಂದು ಹಿಡಿಕಿ ಹಿಡದು ಅದನ್ನೇ ಮಾಡು ಅಂದ್ರ ಹ್ಯಾಂಗ?"

ಅವಳು ನಕ್ಕಳು. ನಗುತ್ತಲೇ ಸೆರಗಿನಿಂದ ಪರದೆಯ ಗಾಜು ಒರೆಸಿದಳು, ಬೇಕಾಗಿದ್ದಕ್ಕಿಂತ ಹೆಚ್ಚು ಹೊತ್ತು. "ಸುಳ್ಳರ ಹೇಳ್ರಿ ಅಂತ ಬೇಡಿಕೊಳ್ಳೂ ಹಂಗೂ ಇಲ್ಲ ಈ ಊರಾಗ."

ಆಗ ನಾನು ಎರಡು ವಿಷಯ ನೋಡಿದೆ. ಆಟದ ಹಿಡಿಕೆಗೆ ಅರಿಸಿನದ ಬಣ್ಣ ಹತ್ತಿತ್ತು, ಅಡಿಗೆ ಮನೆಯಿಂದ ನೆಟ್ಟಗೆ ಬಂದವರ ಕೈಯ ಬಣ್ಣ. ಮತ್ತು ಪರದೆಯ ಮೂಲೆಯಲ್ಲಿ, ಇಲ್ಲಿಯವರೆಗೆ ಯಾರಾದರೂ ಮುಟ್ಟಿದ ಕೊನೆಯ ಬಾಗಿಲು ಎಂದು ಐವತ್ತೊಂಬತ್ತು ತೋರಿಸುತ್ತಿತ್ತು.

"ಯಾರು ಇದು, ಐವತ್ತೊಂಬತ್ತು?"

"ಹೇಳಂಗಿಲ್ರಿ. ಆಣಿ ಮಾಡೇನಿ."

"ಹುಚ್ಚಿ, ರವಿವಾರ ಬಂತು. ಅವರು ಒಂದು ಮಾತು ಅಂದ್ರ ನಿನ್ನ ಆಟ ಉಳೀತದ."

"ಅಂದ್ರ ಅವರಿಗೆ ಮನ್ಯಾಗ ತ್ರಾಸ ಆಗ್ತೈತಿ. ಬ್ಯಾಡ್ರಿ. ಬಿಳಿ ಆದ್ರ ಆಗಲಿ ಬಿಡ್ರಿ" ಎಂದು ಅವಳು ನನಗೆ ಚಹಾ ತರಲು ಎದ್ದಳು. ತನ್ನ ಆರು ವರ್ಷಕ್ಕಿಂತ ಕೊಟ್ಟ ಮಾತು ದೊಡ್ಡದೆಂದು ಅವಳು ಯಾರಿಗೂ ಭಾಷಣ ಮಾಡಲಿಲ್ಲ, ಸಕ್ಕರೆ ಎಷ್ಟು ಎಂದು ಕೇಳಿದಳು.

ಆ ಚಹಾ ಕುಡಿಯುತ್ತ ಕೂತಾಗ ನನಗೆ ನಮ್ಮೂರಿನ ತಪ್ಪು ಹೊಳೆಯಿತು. ಅದು ನನ್ನ ತಪ್ಪೂ ಹೌದು. ಇಷ್ಟು ವರ್ಷ ಯಾರಿಗೆ ಏನು ಹಿಡಿಸಿದರೂ ಅವರು ಬಾಯಿ ಬಿಡುವ ಕಷ್ಟ ತೆಗೆದುಕೊಂಡಿರಲಿಲ್ಲ. ವನಮಾಲಾಬಾಯಿ ಇದ್ದಾಳಲ್ಲ, ಅವಳು ಹತ್ತುತ್ತಾಳೆ, ಅವಳು ಹೇಳುತ್ತಾಳೆ, ನಗೆಗೀಡಾಗುವುದೂ ಅವಳೇ. ಇಮಾಮಸಾಬರಿಗೆ ನಾನು ಮಾತಾಡಿ ಬಾಯಿ ಕಟ್ಟಿದ್ದೆ. ಉಳಿದವರಿಗೆ ನಾನು ಉಳಿಸಿ ಉಳಿಸಿ ಬಾಯಿ ಕಟ್ಟಿದ್ದೆ.

ರವಿವಾರ ನಾಲ್ಕು ಗಂಟೆಗೆ ಟಾಕೀಜಿನ ಅಂಗಳ ತುಂಬಿತ್ತು. ಕಸ್ತೂರಿ ತನ್ನ ಅಂಗಡಿಯ ಬಾಗಿಲಲ್ಲೇ ನಿಂತಿದ್ದಳು. ಭುಜಂಗರಾಯರು ಗಂಟೆಯ ಕೆಳಗೆ ಮರದ ಸುತ್ತಿಗೆ ಹಿಡಿದು ನಿಂತಿದ್ದರು. ಒಬ್ಬೊಬ್ಬರಾಗಿ ಹತ್ತಿದರು, ಇಳಿದರು. ಬೇಸರ ಎಂದರು, ಕೈ ನೋಯುತ್ತದೆ ಎಂದರು, ಇದೂ ಒಂದು ಆಟವೇ ಎಂದರು. ರಾಯರು ಸುತ್ತಿಗೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು ತಾವೂ ಹತ್ತಿ, "ನಮ್ಮ ಮನಿ ಅಭಿಪ್ರಾಯ, ಹಿಡಿಸಲಿಲ್ಲ" ಎಂದು ಇಳಿದರು. ಅವರ ಹೆಂಡತಿ ಸುಭದ್ರೆ ಎಂದಿನಂತೆ ಹೆಂಗಸರ ನಡುವೆ ಸೆರಗು ಹೊದ್ದು ನಿಂತಿದ್ದರು. ಐದಕ್ಕೆ ಹತ್ತು ನಿಮಿಷವಿದ್ದಾಗ ನಾನು ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದೆ. ಜನ ಆಗಲೇ ನಗಲು ಬಾಯಿ ತೆರೆದಿದ್ದರು.

"ನನಗ ಈ ಆಟ ಹಿಡಿಸಲಿಲ್ಲ" ಎಂದೆ.

ನಗು ಬಾಯಲ್ಲೇ ನಿಂತಿತು. ರಾಯರಿಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ತಿಪ್ಪವ್ವ ಗಟ್ಟಿಯಾಗಿ, "ಅಯ್ಯ ಯವ್ವಾ, ಮತ್ತ ಉಳಸವರು ಯಾರು?" ಎಂದಳು.

"ಅದನ್ನೇ ನಾನೂ ಕೇಳ್ಲಿಕ್ಕೆ ಬಂದೇನಿ" ಎಂದು ನಾನು ಮೂರನೆಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಯಾರದಾದರೂ ಪಾದ ಆ ಮೆಟ್ಟಿಲ ಮೇಲೆ ಇರುವವರೆಗೆ ಗಂಟೆ ಬಾರಿಸುವಂತಿಲ್ಲ. ಅದು ಭುಜಂಗರಾಯರ ಅಜ್ಜನ ಕಾಲದಿಂದಲೂ ಇರುವ ಕಟ್ಟಳೆ. "ನಿಮ್ಮೊಳಗ ಯಾರಿಗೋ ಹಿಡಿಸ್ಯದ. ಯಾರಂತ ನನಗ ಗೊತ್ತಿಲ್ಲ, ಗೊತ್ತಿದ್ರೂ ಹೇಳೂದಿಲ್ಲ. ಅವರು ಹತ್ತೂತನಕ ನಾ ಇಳಿಯೂದಿಲ್ಲ."

"ಇದು ದಾಂಧಲೆ ವನಮಾಲಾಬಾಯಿ," ಎಂದರು ರಾಯರು. ಸುತ್ತಿಗೆ ಎತ್ತಿದ ಕೈ ಹಾಗೇ ಇತ್ತು.

"ಹೌದು. ಎಪ್ಪತ್ತನಾಲ್ಕು ವರ್ಷ ಮಾಡಿರಲಿಲ್ಲ, ಇವತ್ತು ಮಾಡ್ತೀನಿ. ಕೈ ನೋಯ್ತದ, ಇಳಸ್ರಿ."

ಗಡಿಯಾರದಲ್ಲಿ ಐದಾಯಿತು, ಐದೂಕಾಲಾಯಿತು. ಜನ ಬೈದರು. ಬೈಯುತ್ತಲೇ ಯಾರೋ ನನ್ನ ಬೆನ್ನಿಗೆ ದಿಂಬು ಕೊಟ್ಟರು, ಯಾರೋ ಬಿಸಿಲಿಗೆ ಕೊಡೆ ಹಿಡಿದರು. ತಿಪ್ಪವ್ವ ಮಜ್ಜಿಗೆಯ ಲೋಟ ಹಿಡಿದು ಬಂದು, "ಹಟಮಾರಿ ಮುದುಕಿ, ಕುಡಿ" ಎಂದಳು. ಆಗ ಟೇಲರ್ ಗಂಗಾಧರ ಕೆಮ್ಮಿದ.

"ಕಾಕು, ಈ ಆಟದ ಮಾತಲ್ಲ. ಆ ಹಾವಿನ ಪಿಚ್ಚರ್ ನನಗೂ ಹಿಡಿಸಿತ್ತರಿ."

"ಮತ್ತ ಅವತ್ತ್ಯಾಕ ಬಾಯಿ ಬಿಡಲಿಲ್ಲ?"

"ನೀವಿದ್ರೆಲ್ಲರಿ!"

ಅಂಗಳದಲ್ಲಿ ನಗೆ ಎದ್ದಿತು. ಒಬ್ಬರು ಪೊಲೀಸಪ್ಪನ ಚಹಾದ ಪಿಚ್ಚರ್ ಎಂದರು. ತಿಪ್ಪವ್ವ ತನಗೆ ಕುಸ್ತಿಯ ಆಟ ಎಂದಳು, ಮೀಸೆಯ ಪೈಲವಾನನಿಗಾಗಿ. ಮಂಡಳದ ಸದಸ್ಯರೊಬ್ಬರು, ಹೆಸರು ಬೇಡ, ಆಕಾಶದ ಹಡಗುಗಳೆಂದು ತಲೆ ತಗ್ಗಿಸಿದರು. ಎಲ್ಲವೂ ಬಯಲಾಯಿತು, ಡಬ್ಬಿಯೊಂದನ್ನು ಬಿಟ್ಟು. ಕಸ್ತೂರಿ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ಯಾರ ಕಡೆಗೂ ಕಣ್ಣೆತ್ತಲಿಲ್ಲ, ಎತ್ತಿದರೆ ಆ ನೋಟವೇ ಹೆಸರು ಹೇಳೀತೆಂದು.

"ಸ್ವಲ್ಪ ಸರೀರಿ ಅಕ್ಕ, ನನಗೂ ಜಾಗಾ ಬಿಡ್ರಿ" ಎಂಬ ದನಿ ಕಿವಿಯ ಹತ್ತಿರವೇ ಬಂತು. ನಾನು ತಲೆ ಎತ್ತುವ ಮೊದಲು ಸರಳು ಹಿಡಿದ ಕೈ ಕಂಡೆ. ಬೆರಳ ಸಂದಿಯಲ್ಲಿ ಅರಿಸಿನ. ಮೂವತ್ತು ವರ್ಷದಲ್ಲಿ ಆ ಮೆಟ್ಟಿಲು ತುಳಿಯದ ಸುಭದ್ರೆ ಮೂರನೆಯ ಮೆಟ್ಟಿಲ ಮೇಲೆ ನಿಂತಿದ್ದರು.

"ನನಗ ಹಿಡಿಸ್ತು" ಎಂದರು.

"ಸುಭದ್ರಾ," ರಾಯರ ದನಿ ಇಳಿದಿತ್ತು, "ನಮ್ಮ ಮನಿ ಅಭಿಪ್ರಾಯ ನಾ ಹೇಳೇನಲ್ಲ?"

"ಅದು ಮನೀದು. ಇದು ನಂದು."

"ನೀ ಯಾವಾಗ ಆಡಿದಿ?"

"ಮಧ್ಯಾಹ್ನ, ನೀವು ಮಲಕೊಂಡಾಗ. ಮೂವತ್ತೆಂಟು ದಿನ ಹೋಗೇನಿ. ಒಂದು ದಿನ ನಿಮಗ ನಿದ್ದಿ ಹತ್ತಲಿಲ್ಲ, ಅದಕ್ಕ ತಪ್ಪಿತು."

ಜನ ಹೊಟ್ಟೆ ಹಿಡಿದು ನಕ್ಕರು. ರಾಯರು ನಗಲಿಲ್ಲ. "ಏನದ ಅಂಥಾದ್ದು ಅದರಾಗ?" ಎಂದು ಕೇಳಿದರು. ಹೆಡ್‌ಮಾಸ್ತರರು ಕೇಳುವ ಹಾಗಲ್ಲ, ನಿಜವಾಗಿಯೂ ತಿಳಿಯಬೇಕಾದವರು ಕೇಳುವ ಹಾಗೆ.

ಸುಭದ್ರೆ ಸರಳನ್ನು ಇನ್ನೂ ಗಟ್ಟಿಯಾಗಿ ಹಿಡಿದರು. "ಐವತ್ತೊಂಬತ್ತು ಬಾಗಲಾ ಡಬ್ಬಿ ಇಸಗೊಂಡು ಹಾಕ್ಕೋತಾವ. ನಿನ್ನೆ ಅರವತ್ತನೇದಕ್ಕ ಹೋದೆ. ಅದು ಹಾಕ್ಕೊಳ್ಳಲಿಲ್ಲ. ಡಬ್ಬಿ ಇಸಗೊಂಡು, ಒಳಗಿಂದ ಕೇಳ್ತು, ನಿನ್ನ ಊಟ ಆತೇನು ಅಂತ."

ಗಂಡಸರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡತೊಡಗಿದರು. ಕಸ್ತೂರಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಾನು ದಿಂಬು ಎತ್ತಿಕೊಂಡು ಇಳಿದೆ, ಸುಭದ್ರೆ ನನ್ನ ಮೊಣಕೈ ಹಿಡಿದು ಇಳಿಸಿದರು. ಇಬ್ಬರ ಪಾದವೂ ನೆಲ ಮುಟ್ಟಿದ ಮೇಲೆ ರಾಯರು ಗಂಟೆ ಬಾರಿಸಿದರು. ಐದು ಸಲ ಬಾರಿಸುವ ಬದಲು ನಾಲ್ಕೇ ಸಲ ಬಾರಿಸಿದ್ದನ್ನು ನಾನು ಎಣಿಸಿದೆ, ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಕಸ್ತೂರಿಯ ಪರದೆಯಲ್ಲಿ ಓಣಿ ಇತ್ತು, ಅರವತ್ತೂ ಬಾಗಿಲು ಇದ್ದವು. ಭುಜಂಗರಾಯರು ಮನೆಯಲ್ಲಿ ಹೆಂಡತಿಗೆ ಅರವತ್ತನೆಯ ಬಾಗಿಲಿನ ಆ ಪ್ರಶ್ನೆ ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ, ವಿಚಾರಿಸಲು ಹೋಗಿಲ್ಲ. ಸುಭದ್ರೆಯನ್ನು ಈಗ ಮಧ್ಯಾಹ್ನ ಅಂಗಡಿಯವರೆಗೆ ಬಿಟ್ಟುಹೋಗುತ್ತಾರೆ, ಕೊಡೆ ಹಿಡಿದುಕೊಂಡು. ಆಮೇಲೆ ಬಂದ ಚಿತ್ರಕ್ಕೆ ಹನ್ನೊಂದು ಮಂದಿ ಮೆಟ್ಟಿಲು ಹತ್ತಿ ಹಿಡಿಸಿತು ಎಂದರು. ಎಂಥ ಕೆಟ್ಟ ಚಿತ್ರ ಅದು! ನಾನು ಕೆಳಗೇ ನಿಂತು, ನಿರುಮ್ಮಳವಾಗಿ, ಕಡಲೆ ತಿನ್ನುತ್ತ, ಹಿಡಿಸಲಿಲ್ಲ ಎಂದೆ. ಐವತ್ತು ವರ್ಷದಿಂದ ನಾನು ಇಂಥ ಸುಖ ಕಂಡಿರಲಿಲ್ಲ.

ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂರುತ್ತೇವೆ. ಅವರ ಪರದೆಯಲ್ಲಿ ಡಬ್ಬಿ, ನನ್ನ ಪರದೆಯಲ್ಲಿ ಆಕಾಶದ ಹಡಗು. ಚಿಕ್ಕ ಚಿಕ್ಕ ಒಳ್ಳೆಯತನ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ, ಹನ್ನೆರಡನೆಯ ಬಾಗಿಲಿಗೇ ಸುಸ್ತಾದೆ. ಅದನ್ನು ಒಪ್ಪುತ್ತೇನೆ. ಅರವತ್ತನೆಯ ಬಾಗಿಲು ಏನು ಕೇಳುತ್ತದೆಂದು ಗೊತ್ತಾದ ಮೇಲೂ ಆ ಆಟ ನನಗೆ ಹಿಡಿಸಿಲ್ಲ, ಅದನ್ನೂ ಹೇಳಿಯೇ ಹೇಳುತ್ತೇನೆ. ಸುಭದ್ರೆ ದಿನಾ ಕೆಣಕುತ್ತಾರೆ: "ಅಕ್ಕ, ಹದಿಮೂರನೇ ಬಾಗಲಾ ಒಂದು ದಾಟ್ರೆಲ್ಲ?"

"ದಾಟೂದಿಲ್ಲ" ಎಂದು ನಾನು ಗುಂಡಿ ಒತ್ತುತ್ತೇನೆ. ಢಂ.